ಲಂಬಕೋನ ಎಲ್ಲಿದೆ?

(ಶಾಲಾ ಗಣಿತದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯ ಕರಾರುಪತ್ರದಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ. ಉಪನ್ಯಾಸ ಶಾಲಾ ಗಣಿತದ ಒಂದೇ ಒಂದು ಪಾಠದ ಮೇಲೆ ಇರಬೇಕು, ಕೇಳಿದವರು ಮನೆಗೆ ಹೋಗುವಾಗ ಆ ಪಾಠ ಮೊದಲಿಗಿಂತ ಚೆನ್ನಾಗಿ ತಿಳಿದಿರಬೇಕು ಎಂದು ದತ್ತಿ ಇಟ್ಟವರು ಬರೆದುಕೊಟ್ಟಿದ್ದಾರೆ. ಅದರಂತೆ ನಾನು ಪೂರಕ ಕೋನಗಳ ಪಾಠವನ್ನು ಆರಿಸಿಕೊಂಡೆ. ಪಠ್ಯಪುಸ್ತಕದಲ್ಲಿ ಒಂದೆರಡು ಪುಟಗಳಲ್ಲಿ ಮುಗಿಯುವ ಪಾಠ ಅದು. ಎರಡು ಕೋನಗಳ ಅಳತೆ ಸೇರಿ 90° ಆದರೆ ಅವು ಪೂರಕ ಕೋನಗಳು. ಒಂದು ಗೊತ್ತಿದ್ದರೆ 90ರಿಂದ ಕಳೆದು ಇನ್ನೊಂದನ್ನು ಪಡೆಯಬಹುದು. ಇಷ್ಟಕ್ಕೆ ಒಂದು ಗಂಟೆಯ ಉಪನ್ಯಾಸವೇ ಎಂದು ಯಾರಾದರೂ ಕೇಳಿದರೆ, ಒಂದು ಗಂಟೆ ಸಾಲದು ಎಂದೇ ನನ್ನ ಉತ್ತರ.

ಕಾರಣ ಹೇಳಲು ಒಂದು ಹಳೆಯ ಘಟನೆ ನೆನಪಿಸಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳನೆಯ ತರಗತಿಗೆ ಈ ಪಾಠ ಮಾಡಿ, ಹತ್ತು ಕೋನಗಳ ಪಟ್ಟಿ ಕೊಟ್ಟು, ಪ್ರತಿಯೊಂದರ ಪೂರಕ ಕೋನ ಬರೆಯಿರಿ ಎಂದಿದ್ದೆ. ಮಕ್ಕಳು ಯೋಚಿಸಲಿ ಎಂದು ಪಟ್ಟಿಯಲ್ಲಿ 120° ಕೂಡ ಸೇರಿಸಿದ್ದೆ. ಒಬ್ಬಳು ಹುಡುಗಿ ಅದರ ಮುಂದೆ −30° ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪುಸ್ತಕ ಹಿಂತಿರುಗಿಸಿದೆ. ಅವಳು ಮೇಜಿನ ಬಳಿಗೆ ಬಂದು, "ಸರ್, ತೊಂಬತ್ತರಿಂದ ಕಳೆಯಿರಿ ಅಂತ ನೀವೇ ಹೇಳಿದ್ರಲ್ಲ. ಕಳೆದಿದ್ದೀನಿ. ಎಲ್ಲಿ ತಪ್ಪಾಯ್ತು?" ಎಂದು ಕೇಳಿದಳು. ಅವಳ ವ್ಯವಕಲನದಲ್ಲಿ ಒಂದು ಎಳೆಯ ದೋಷವೂ ಇರಲಿಲ್ಲ. ನಾನು ಹೇಳಿದ್ದನ್ನು ಅವಳು ಅಕ್ಷರಶಃ ಮಾಡಿದ್ದಳು. ಕಳೆಯುವುದನ್ನು ನಾನು ಕಲಿಸಿದ್ದೆ; ಯಾವುದರಿಂದ ಕಳೆಯುತ್ತಿದ್ದೇವೆ ಎಂಬುದನ್ನು ಕಲಿಸಿರಲಿಲ್ಲ.

ಅಂದಿನಿಂದ ಈ ಪಾಠವನ್ನು ನಾನು ಒಂದೇ ಪ್ರಶ್ನೆಯಿಂದ ಆರಂಭಿಸುತ್ತ ಬಂದಿದ್ದೇನೆ: ಲಂಬಕೋನ ಎಲ್ಲಿದೆ? ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

1. ತುಂಬುವುದು ಎಂಬ ಮಾತು

'ಪೂರಕ' ಎಂದರೆ ತುಂಬುವಂಥದ್ದು. ಪ್ರಾಣಾಯಾಮ ಕಲಿತವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಉಸಿರನ್ನು ಒಳಗೆ ತುಂಬಿಕೊಳ್ಳುವುದು ಪೂರಕ, ಹಿಡಿದು ನಿಲ್ಲಿಸುವುದು ಕುಂಭಕ, ಹೊರಗೆ ಬಿಡುವುದು ರೇಚಕ. ತುಂಬಬೇಕಾದರೆ ಮೊದಲು ಒಂದು ಪಾತ್ರೆ ಬೇಕು. ಅರ್ಧ ಸೇರು ಅಕ್ಕಿ ಇರುವ ಸೇರನ್ನು ತೋರಿಸಿ "ಇನ್ನೆಷ್ಟು ಬೇಕು?" ಎಂದರೆ ಚಿಕ್ಕ ಮಗುವೂ ಹೇಳುತ್ತದೆ. ಸೇರನ್ನೇ ತೋರಿಸದೆ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಪೂರಕ ಕೋನದ ಪಾಠದಲ್ಲಿ ಲಂಬಕೋನವೇ ಆ ಸೇರು. 120° ಆ ಸೇರಿನೊಳಗೆ ಹಿಡಿಸುವುದೇ ಇಲ್ಲ. ಆದ್ದರಿಂದ ವಿಶಾಲಕೋನಕ್ಕೆ ನಮ್ಮ ಏಳನೆಯ ತರಗತಿಯ ಅರ್ಥದಲ್ಲಿ ಪೂರಕ ಕೋನ ಇಲ್ಲ.

'ಪರಿಪೂರಕ' ಎಂಬ ಇನ್ನೊಂದು ಮಾತಿದೆ. ಅಲ್ಲಿ ತುಂಬಬೇಕಾದ ಪಾತ್ರೆ ಸರಳಕೋನ, ಅಂದರೆ 180°. ಯಾವುದು 90, ಯಾವುದು 180 ಎಂದು ಗೊಂದಲವಾದಾಗ ಮಕ್ಕಳಿಗೆ ನಾನು ಹೇಳುತ್ತಿದ್ದುದು ಇಷ್ಟೆ: ಪದ ಉದ್ದವಾದರೆ ಪಾತ್ರೆಯೂ ದೊಡ್ಡದು. ಪರೀಕ್ಷೆಯ ಕೊಠಡಿಯಲ್ಲಿ ಈ ಮಾತು ಅನೇಕರ ಕೈ ಹಿಡಿದಿದೆ.

ಇನ್ನು ಆ ಲಂಬಕೋನವೆಂದರೆ ಏನು? 90° ಎನ್ನುವುದು ಅದಕ್ಕೆ ನಾವು ಕೊಟ್ಟ ಸಂಖ್ಯೆ ಮಾತ್ರ. ಪೂರ್ತಿ ಸುತ್ತನ್ನು 360 ಭಾಗ ಮಾಡುವ ಪದ್ಧತಿಯ ಬೇರು ಬ್ಯಾಬಿಲೋನಿಯದ ಅರವತ್ತರ ಲೆಕ್ಕದಲ್ಲಿದೆ. ಆದರೆ ಕ್ರಿ.ಪೂ. 300ರ ಸುಮಾರಿಗೆ 'ಎಲಿಮೆಂಟ್ಸ್' ಬರೆದ ಯೂಕ್ಲಿಡ್ ಲಂಬಕೋನವನ್ನು ಡಿಗ್ರಿಯ ಹಂಗಿಲ್ಲದೆ ವಿವರಿಸುತ್ತಾನೆ. ಒಂದು ಸರಳರೇಖೆಯ ಮೇಲೆ ಇನ್ನೊಂದು ರೇಖೆ ನಿಂತು ಎಡಬಲದ ಕೋನಗಳು ಸಮವಾದರೆ, ಆ ಪ್ರತಿಯೊಂದೂ ಲಂಬಕೋನ. ಎತ್ತಲೂ ವಾಲದೆ ನಿಂತದ್ದೇ ಲಂಬ. ಅಷ್ಟಕ್ಕೇ ಬಿಡದೆ, ಎಲ್ಲ ಲಂಬಕೋನಗಳೂ ಒಂದಕ್ಕೊಂದು ಸಮ ಎಂಬುದನ್ನು ತನ್ನ ನಾಲ್ಕನೆಯ ಆಧಾರ ಪ್ರತಿಜ್ಞೆಯಾಗಿ ಅವನು ಪ್ರತ್ಯೇಕವಾಗಿ ಇಟ್ಟ. ಅಲೆಕ್ಸಾಂಡ್ರಿಯದ ಲಂಬಕೋನವೂ ಅರಸೀಕೆರೆಯ ಲಂಬಕೋನವೂ ಒಂದೇ ಎಂಬ ಆ ಭರವಸೆ ಇಲ್ಲದಿದ್ದರೆ ಪೂರಕ ಕೋನ ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಊರಿಗೊಂದು ಸೇರಾದರೆ "ಇನ್ನೆಷ್ಟು ಬೇಕು" ಎಂಬ ಪ್ರಶ್ನೆಗೆ ಉತ್ತರವೂ ಊರಿಗೊಂದಾಗುತ್ತದೆ.

ಮಕ್ಕಳೆ, ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಹೇಗಾದರೂ ಒಮ್ಮೆ ಮಡಿಸಿ. ಮಡಿಕೆಯ ಗೆರೆ ತನ್ನ ಮೇಲೆ ತಾನೇ ಕೂರುವಂತೆ ಇನ್ನೊಮ್ಮೆ ಮಡಿಸಿ. ಈಗ ಸಿಕ್ಕ ಮೂಲೆ ಲಂಬಕೋನ. ಕೋನಮಾಪಕದ ಸಹಾಯವಿಲ್ಲದೆ ಯೂಕ್ಲಿಡ್ ಹೇಳಿದಂತೆಯೇ ಬಂದದ್ದು. ಆ ಮೂಲೆಯ ತುದಿಯಿಂದ ಹೊರಡುವಂತೆ ಎಲ್ಲಿಗಾದರೂ ಒಂದು ಗೆರೆ ಎಳೆಯಿರಿ. ಮೂಲೆ ಎರಡು ಹೋಳಾಯಿತು. ಆ ಎರಡೂ ಪೂರಕ ಕೋನಗಳು. ಗೆರೆಯನ್ನು ಎಲ್ಲಿಗೆ ಸರಿಸಿದರೂ ಒಂದು ಕುಗ್ಗಿದಷ್ಟೇ ಇನ್ನೊಂದು ಹಿಗ್ಗುತ್ತದೆ. ಸಂಖ್ಯೆ ಬರುವುದಕ್ಕೆ ಮುಂಚೆಯೇ ಸಂಬಂಧ ಕಣ್ಣಿಗೆ ಬಿತ್ತಲ್ಲ, ಅದೇ ಈ ಪಾಠದ ಬಾಗಿಲು.

2. ಅಳತೆ ಕಂಡುಹಿಡಿಯುವುದು

ಈಗ ಲೆಕ್ಕಕ್ಕೆ ಬರೋಣ. 37° ಕೋನದ ಪೂರಕ 53°. ಇದು ಬಾಯಿಲೆಕ್ಕ. 37° 48′ ಎಂದಾಗ ಸ್ವಲ್ಪ ನಿಧಾನಿಸಬೇಕು. 90° ಎಂಬುದನ್ನು 89° 60′ ಎಂದು ಬಿಡಿಸಿಟ್ಟುಕೊಂಡರೆ ಸಾಲ ತರುವ ತೊಡಕಿಲ್ಲ. ಉತ್ತರ 52° 12′. ನೂರು ರೂಪಾಯಿಯ ನೋಟು ಮುರಿಸಿ ಚಿಲ್ಲರೆ ಇಟ್ಟುಕೊಂಡ ಹಾಗೆ. ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಡಿಗ್ರಿಗೆ ಅಂಶ, ಮಿನಿಟಿಗೆ ಕಲೆ, ಸೆಕೆಂಡಿಗೆ ವಿಕಲೆ ಎಂದು ಹೆಸರು. ಒಂದು ಲಂಬಕೋನವೆಂದರೆ 5,400 ಕಲೆ. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

ಎರಡೂ ಕೋನಗಳು ಗೊತ್ತಿಲ್ಲದೆ ಅವುಗಳ ಸಂಬಂಧ ಮಾತ್ರ ಗೊತ್ತಿದ್ದರೆ? ಎರಡು ಪೂರಕ ಕೋನಗಳು 2:3ರ ಅನುಪಾತದಲ್ಲಿವೆ ಎನ್ನಿ. ಲಂಬಕೋನವನ್ನು ಐದು ಪಾಲು ಮಾಡಿದರೆ ಪಾಲೊಂದಕ್ಕೆ 18°. ಹಾಗಾಗಿ ಒಂದಕ್ಕೆ 36°, ಇನ್ನೊಂದಕ್ಕೆ 54°. ಒಂದು ಇನ್ನೊಂದಕ್ಕಿಂತ 20° ಹೆಚ್ಚು ಎನ್ನಿ. ಹೆಚ್ಚಿನ ಇಪ್ಪತ್ತನ್ನು ಬದಿಗಿಟ್ಟು ಉಳಿದ 70ನ್ನು ಸಮ ಹಂಚಿದರೆ 35 ಮತ್ತು 35. ಬದಿಗಿಟ್ಟದ್ದನ್ನು ಒಂದಕ್ಕೆ ಸೇರಿಸಿದರೆ 35° ಮತ್ತು 55°. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ಕ್ರಮವೇ ಇಲ್ಲೂ.

ಬೀಜಗಣಿತ ಸೇರಿದಾಗ ಒಂದು ಎಚ್ಚರ ಬೇಕು. ಪಠ್ಯಪುಸ್ತಕ ಎಕ್ಸ್ ಎಂದು ಬರೆಯುವ ಅಜ್ಞಾತವನ್ನು ನಮ್ಮ ಹಳೆಯ ಬೀಜಗಣಿತಜ್ಞರು 'ಯಾವತ್ತಾವತ್' ಎಂದು ಕರೆದು, ಅದರ ಮೊದಲಕ್ಷರ 'ಯಾ' ಎಂದು ಬರೆಯುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಎರಡು ಪೂರಕ ಕೋನಗಳು (3ಯಾ + 5)° ಮತ್ತು (2ಯಾ + 10)° ಇವೆ. ಕೂಡಿದರೆ 5ಯಾ + 15 = 90. ಆದ್ದರಿಂದ 5ಯಾ = 75, ಯಾ = 15. ಇಲ್ಲಿಗೆ ಪೆನ್ನು ಕೆಳಗಿಡುವ ಮಕ್ಕಳ ಸಂಖ್ಯೆ ನೋಡಿ ನನಗೆ ಪ್ರತಿವರ್ಷವೂ ಮರುಕವಾಗುತ್ತಿತ್ತು. ಕೇಳಿದ್ದು ಕೋನ, 15 ಕೋನವಲ್ಲ, ಕೋನಗಳಿಗೆ ಹೋಗುವ ದಾರಿ. ಕೋನಗಳು 50° ಮತ್ತು 40°. ಎರಡನ್ನೂ ಕೂಡಿ 90 ಬಂತೇ ಎಂದು ನೋಡಿಯೇ ಪೆನ್ನು ಇಡಬೇಕು. ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶ ಇಷ್ಟು ಸುಲಭವಾಗಿ ಸಿಗುವ ಪಾಠ ಶಾಲಾ ಗಣಿತದಲ್ಲಿ ಬಹಳ ಇಲ್ಲ.

ಇನ್ನೊಂದು ಲೆಕ್ಕ ನನಗೆ ಅಚ್ಚುಮೆಚ್ಚು. ಒಂದು ಕೋನದ ಪರಿಪೂರಕವು ಅದರ ಪೂರಕದ ಮೂರರಷ್ಟಿದೆ. ಆ ಕೋನ ಯಾವುದು? ಸಮೀಕರಣ ಬರೆದು ಬಿಡಿಸಬಹುದು. ಪಾತ್ರೆಗಳನ್ನು ನೆನೆದರೆ ಸಮೀಕರಣವೂ ಬೇಡ. ದೊಡ್ಡ ಪಾತ್ರೆ ಚಿಕ್ಕದಕ್ಕಿಂತ 90° ದೊಡ್ಡದು. ಹಾಗಾಗಿ ಯಾವ ಲಘುಕೋನವನ್ನೇ ತೆಗೆದುಕೊಳ್ಳಿ, ಅದರ ಪರಿಪೂರಕ ಪೂರಕಕ್ಕಿಂತ ಸರಿಯಾಗಿ 90° ಹೆಚ್ಚು. ಮೂರರಷ್ಟು ಎಂದರೆ ಎರಡರಷ್ಟು ಹೆಚ್ಚು. ಆ ಎರಡರಷ್ಟೇ 90°. ಅಂದಮೇಲೆ ಪೂರಕ 45°, ಕೋನವೂ 45°.

ಎರಡು ಮಾತು ಸ್ಪಷ್ಟವಾಗಿರಲಿ. ಪೂರಕ ಕೋನಗಳು ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಒಂದು ಈ ಗೋಡೆಯಲ್ಲಿ, ಇನ್ನೊಂದು ಆ ಗೋಡೆಯಲ್ಲಿ ಇದ್ದರೂ ಅಳತೆ ಕೂಡಿ 90° ಆದರೆ ಸಾಕು. ಹಾಗೆಯೇ 30°, 30°, 30° ಸೇರಿ 90° ಆದರೂ ಆ ಮೂರನ್ನು ಪೂರಕ ಕೋನಗಳು ಎನ್ನುವುದಿಲ್ಲ. ಈ ನಂಟು ಇಬ್ಬರ ನಡುವಿನದು.

3. ಏಣಿ, ಮಾಡು, ಕನ್ನಡಿ

ಕಳೆಯುವುದು ಇಷ್ಟು ಸುಲಭವಾದರೆ ಕಷ್ಟ ಎಲ್ಲಿದೆ? ಲಂಬಕೋನವನ್ನು ಕಾಣುವುದರಲ್ಲಿದೆ. ಪುಸ್ತಕದ ಚಿತ್ರದಲ್ಲಿ ಮೂಲೆಗೊಂದು ಪುಟ್ಟ ಚೌಕ ಬರೆದು ಅದನ್ನು ತೋರಿಸಿರುತ್ತಾರೆ. ಲೋಕದಲ್ಲಿ ಆ ಚೌಕವನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಗೋಡೆಗೆ ಒರಗಿಸಿದ ಏಣಿ ನೋಡಿ. ಗೋಡೆ ಮತ್ತು ನೆಲದ ನಡುವೆ ಲಂಬಕೋನವಿದೆ. ತ್ರಿಭುಜದ ಮೂರು ಕೋನಗಳು ಸೇರಿ 180° ಆದ್ದರಿಂದ, ಒಂದು 90° ಎಂದಾದ ಮೇಲೆ ಉಳಿದ ಎರಡು ಪೂರಕ ಕೋನಗಳಾಗಲೇಬೇಕು. ಹನ್ನೆರಡು ಅಡಿ ಮೇಲೆ ತಾಗುವ ಏಣಿಯ ಬುಡ ಗೋಡೆಯಿಂದ ಮೂರು ಅಡಿ ದೂರ ಇರಲಿ ಎಂಬ ಸುರಕ್ಷತೆಯ ನಿಯಮವಿದೆ. ಆಗ ಏಣಿ ನೆಲದೊಂದಿಗೆ ಸುಮಾರು 76° ಮಾಡುತ್ತದೆ. ಮೇಲೆ ಗೋಡೆಯೊಂದಿಗೆ ಎಷ್ಟು? ಹತ್ತಿ ಅಳೆಯಬೇಕಿಲ್ಲ, 14°. ಕೈಗೆ ಎಟುಕುವ ಕೋನ ಅಳೆದು ಎಟುಕದ ಕೋನ ತಿಳಿದುಕೊಂಡೆವು. ಈ ಪಾಠದ ಬಲ ಇರುವುದೇ ಇಲ್ಲಿ.

ಹೆಂಚಿನ ಮಾಡಿನ ಬಡಗಿಗೆ ಇದು ದಿನನಿತ್ಯದ ಕೆಲಸ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿ ಮಲೆನಾಡುಗಳ ತುಂಬ ಆ ಕೆಂಪು ಮಾಡುಗಳು ಹರಡಿದವು. ಪಕಾಸಿ ನೆಲಮಟ್ಟಕ್ಕೆ 30° ಇಳಿಜಾರಾಗಿದೆ ಎನ್ನಿ. ಅದರ ಮೇಲ್ತುದಿ ನೆಟ್ಟಗಿನ ಕಂಬಕ್ಕೆ ಸಂದಿಲ್ಲದೆ ಕೂರಬೇಕಾದರೆ, ತುದಿಯನ್ನು ಪಕಾಸಿಯ ಅಂಚಿಗೆ 60° ಓರೆಯಾಗಿ ಕೊಯ್ಯಬೇಕು. ಇಳಿಜಾರು ಮತ್ತು ಕೊಯ್ತ ಎರಡೂ ಸೇರಿ ಒಂದು ಲಂಬಕೋನ. ಬಡಗಿ ಮೂಲೆಮಟ್ಟ ಇಟ್ಟು ಗುರುತು ಹಾಕುವಾಗ ಡಿಗ್ರಿಯ ಹೆಸರೆತ್ತದೆ ಇರಬಹುದು. ಪೂರಕ ಕೋನ ಅವನ ಕೈಯಲ್ಲಿದೆ.

ಕನ್ನಡಿಯ ಪಾಠದಲ್ಲಿ ಲಂಬಕೋನ ಇನ್ನಷ್ಟು ಅಡಗಿ ಕೂರುತ್ತದೆ. ಬೆಳಕಿನ ಕಿರಣ ಕನ್ನಡಿಯ ಮೇಲ್ಮೈಯೊಂದಿಗೆ 35° ಮಾಡಿ ಬಂತು. ಪತನ ಕೋನ ಎಷ್ಟು? ಬಹಳ ಮಕ್ಕಳು 35° ಎಂದೇ ಬರೆಯುತ್ತಾರೆ. ಪತನ ಕೋನ ಅಳೆಯುವುದು ಕನ್ನಡಿಯಿಂದಲ್ಲ, ಕಿರಣ ಬಿದ್ದ ಬಿಂದುವಿನಲ್ಲಿ ಎಳೆದ ಲಂಬದಿಂದ. ಆ ಲಂಬವನ್ನು ನಾವೇ ಎಳೆದುಕೊಳ್ಳಬೇಕು. ಎಳೆದ ಕೂಡಲೆ ಉತ್ತರ ಹೊಳೆಯುತ್ತದೆ: 55°. ಭೌತಶಾಸ್ತ್ರದಲ್ಲಿ ಎಡವಿದಂತೆ ಕಂಡರೂ ಮಗು ಎಡವಿದ್ದು ಏಳನೆಯ ತರಗತಿಯ ರೇಖಾಗಣಿತದಲ್ಲಿ.

ಚೆಂಡು ಎಸೆಯುವುದರಲ್ಲೂ ಪೂರಕ ಜೋಡಿಯೊಂದಿದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದೇ ವೇಗದಲ್ಲಿ 30° ಮತ್ತು 60° ಕೋನಗಳಲ್ಲಿ ನೆಲದಿಂದ ಹಾರಿಸಿದ ಎರಡು ಚೆಂಡುಗಳು ಒಂದೇ ಜಾಗದಲ್ಲಿ ಬೀಳುತ್ತವೆ. ಒಂದು ತಗ್ಗಿನ ದಾರಿ ಹಿಡಿಯುತ್ತದೆ, ಇನ್ನೊಂದು ಎತ್ತರದ ದಾರಿ. 45°ಯಲ್ಲಿ ಎಸೆದದ್ದು ಎಲ್ಲಕ್ಕಿಂತ ದೂರ ಹೋಗುತ್ತದೆ. 45°ಗಿಂತ ಸಮನಾಗಿ ಮೇಲೂ ಕೆಳಗೂ ಇರುವ ಕೋನಗಳ ಈ ಸಮತೆಯನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸಾಧಿಸಿ ತೋರಿಸಿದ.

4. ಅಂಗಳದ ಕೋಲು, ಆಕಾಶದ ಸೂರ್ಯ

ಎಟುಕದ ಕೋನಗಳ ಪೈಕಿ ಆಕಾಶದ ಕೋನಕ್ಕಿಂತ ದೂರದ್ದು ಯಾವುದಿದೆ? ಅಲ್ಲಿ ಲಂಬಕೋನ ಎಲ್ಲಿದೆ? ನೆತ್ತಿಯ ನೇರ ಮೇಲಿನ ಬಿಂದು ಮತ್ತು ದಿಗಂತ, ಇವೆರಡರ ನಡುವೆ. ಸೂರ್ಯ ನೆತ್ತಿಯಿಂದ ಎಷ್ಟು ಬಾಗಿದ್ದಾನೆ ಎಂಬುದು ನತಾಂಶ. ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂಬುದು ಉನ್ನತಾಂಶ. ಎರಡೂ ಸೇರಿದರೆ 90°. ನಮ್ಮ ಸಿದ್ಧಾಂತ ಗ್ರಂಥಗಳು ಪೂರಕ ಜೋಡಿಗಳಿಗೆ ಹೀಗೆ ಜೋಡಿ ಹೆಸರುಗಳನ್ನೇ ಇಟ್ಟಿದ್ದವು. ಊರಿನ ಅಕ್ಷಾಂಶದ ಪೂರಕಕ್ಕೂ ಒಂದು ಹೆಸರಿತ್ತು: ಲಂಬಾಂಶ.

ಮಾರ್ಚ್ 21ರ ಆಸುಪಾಸಿನ ವಿಷುವದ ದಿನ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರು ಸುಮಾರು 13° ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಆ ದಿನದ ನಡುಹಗಲಲ್ಲಿ ಅಲ್ಲಿ ಸೂರ್ಯನ ನತಾಂಶ 13°, ಉನ್ನತಾಂಶ 77°. ಒಂದು ಮೀಟರ್ ಉದ್ದದ ಕೋಲನ್ನು ತೂಗುಗುಂಡಿನ ದಾರಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಿದರೆ ನೆರಳು ಸುಮಾರು 23 ಸೆಂಟಿಮೀಟರ್. ಬೀದರಿನಲ್ಲಿ, ಸುಮಾರು 18° ಅಕ್ಷಾಂಶದಲ್ಲಿ, ಅದೇ ಕೋಲಿನ ನೆರಳು ಸುಮಾರು 32 ಸೆಂಟಿಮೀಟರ್. ಅಲ್ಲಿ ಸೂರ್ಯನ ಎತ್ತರ 72°. ಹೀಗೆ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ತಮ್ಮೂರು ಭೂಮಿಯ ಮೇಲೆ ಎಲ್ಲಿದೆ ಎಂದು ಮಕ್ಕಳು ತಾವೇ ಕಂಡುಕೊಳ್ಳಬಹುದು. ಒಂದು ಸೂಚನೆ: ನಡುಹಗಲೆಂದರೆ ಗಡಿಯಾರದ ಹನ್ನೆರಡಲ್ಲ, ನೆರಳು ಅತಿ ಗಿಡ್ಡವಾಗುವ ಹೊತ್ತು. ಬೆಂಗಳೂರಿನಲ್ಲಿ ಮಾರ್ಚ್ ವಿಷುವದಂದು ಅದು 12 ಗಂಟೆ 27 ನಿಮಿಷದ ಸುಮಾರಿಗೆ. ಅದೇ ಊರಿನಲ್ಲಿ ಏಪ್ರಿಲ್ 24–25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಉನ್ನತಾಂಶವೇ ಇಡೀ ಲಂಬಕೋನವನ್ನು ತುಂಬಿಬಿಟ್ಟಿರುತ್ತದೆ. ನತಾಂಶಕ್ಕೆ ಉಳಿಯುವುದು ಸೊನ್ನೆ.

ಮನೆಯ ತಾರಸಿಯ ಸೌರ ಫಲಕಕ್ಕೂ ಇದೇ ಲೆಕ್ಕ. ವರ್ಷವಿಡೀ ಒಂದೇ ಓರೆಯಲ್ಲಿ ನಿಲ್ಲುವ ಫಲಕವನ್ನು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದ ಆಸುಪಾಸಿನಷ್ಟು ಎತ್ತಿಡುತ್ತಾರೆ. ಬೆಂಗಳೂರಿನಲ್ಲಿ 13° ಎತ್ತಿಟ್ಟರೆ ವಿಷುವದ ನಡುಹಗಲಲ್ಲಿ ಕಿರಣ ಫಲಕಕ್ಕೆ ನೇರ ಲಂಬವಾಗಿ ಬೀಳುತ್ತದೆ. ಯಾಕೆ? ಫಲಕ ನೆಲದೊಂದಿಗೆ ಮಾಡುವ ಕೋನಕ್ಕೆ, ಫಲಕ ಮತ್ತು ನೆಟ್ಟಗಿನ ದಾರದ ನಡುವಿನ 77° ಪೂರಕ. ಫಲಕಕ್ಕೆ ಎಳೆದ ಲಂಬ ಆ ದಾರದೊಂದಿಗೆ ಮಾಡುವ ಕೋನಕ್ಕೂ ಅದೇ 77° ಪೂರಕ. ಒಂದೇ ಕೋನಕ್ಕೆ ಪೂರಕವಾದ ಎರಡು ಕೋನಗಳು ಸಮ. ಹಾಗಾಗಿ ಫಲಕ ನೆಲದಿಂದ ಎದ್ದಷ್ಟೇ ಅದರ ಲಂಬ ನೆತ್ತಿಯಿಂದ ಬಾಗುತ್ತದೆ. ಮುಂದೆ ಇಳಿಜಾರಿನ ಮೇಲೆ ಕಲ್ಲು ಜಾರುವ ಲೆಕ್ಕ ಬಂದಾಗಲೂ ಕೆಲಸಕ್ಕೆ ಬರುವುದು ಈ ಪುಟ್ಟ ಪ್ರಮೇಯವೇ.

5. ಒಂದೇ ಪಟ್ಟಿ, ಎರಡು ತುದಿ

ಕ್ರಿ.ಶ. 499ರಲ್ಲಿ ತನಗೆ 23 ವರ್ಷ ವಯಸ್ಸು ಎಂದು ಹೇಳಿಕೊಂಡಿರುವ ಆರ್ಯಭಟ ಒಂದೇ ಪದ್ಯದಲ್ಲಿ 24 ಸಂಖ್ಯೆಗಳನ್ನು ಅಡಕಮಾಡಿ ಕೊಟ್ಟಿದ್ದಾನೆ. ಲಂಬಕೋನದ 5,400 ಕಲೆಗಳನ್ನು 24 ಸಮಪಾಲು ಮಾಡಿದರೆ ಪಾಲೊಂದಕ್ಕೆ 225 ಕಲೆ. ಪ್ರತಿ ಪಾಲಿಗೂ ಜ್ಯಾ ಎಷ್ಟು ಹೆಚ್ಚುತ್ತದೆ ಎಂಬುದನ್ನು ಆ ಸಂಖ್ಯೆಗಳು ಹೇಳುತ್ತವೆ. ಇವತ್ತು ನಾವು ಸೈನ್ ಎನ್ನುವುದನ್ನು 3,438 ಕಲೆಯ ತ್ರಿಜ್ಯದಿಂದ ಗುಣಿಸಿದರೆ ಸಿಗುವುದೇ ಆ ಜ್ಯಾ. ಮೊದಲ ಎಂಟು ಸಂಖ್ಯೆಗಳನ್ನು ಕೂಡಿದರೆ 1,719. ಅದು 30°ಯ ಜ್ಯಾ, ತ್ರಿಜ್ಯದ ಸರಿಯಾದ ಅರ್ಧ. ಹದಿನಾರನ್ನು ಕೂಡಿದರೆ 2,978. ಅದು 60°ಯ ಜ್ಯಾ.

ಕೊಸೈನಿಗೆ ಬೇರೆ ಪಟ್ಟಿ ಬೇಕೇ? ಬೇಡ. ಅದಕ್ಕೆ ಅವರು ಇಟ್ಟ ಹೆಸರು ಕೋಟಿಜ್ಯಾ. ಬಿಲ್ಲಿನ ತುದಿಗೆ ಕೋಟಿ ಎಂಬ ಹೆಸರಿದೆ. ಲೆಕ್ಕದಲ್ಲಿ ಕೋನದ ಪೂರಕಕ್ಕೆ ಅದೇ ಹೆಸರು ನಿಂತಿತು. 30°ಯ ಕೋಟಿಜ್ಯಾ ಬೇಕಾದರೆ ಅದರ ಪೂರಕವಾದ 60°ಯ ಜ್ಯಾ ನೋಡಿದರಾಯಿತು: 2,978. ಎಂಟನೆಯದರ ಕೋಟಿಜ್ಯಾ ಹದಿನಾರನೆಯ ಜಾಗದಲ್ಲಿದೆ, ಐದನೆಯದರದು ಹತ್ತೊಂಬತ್ತನೆಯ ಜಾಗದಲ್ಲಿ. ಪಟ್ಟಿ ಒಂದೇ, ಓದುವ ತುದಿ ಬೇರೆ. ಸಾವಿರ ವರ್ಷಗಳ ಪಂಚಾಂಗದ ಲೆಕ್ಕ ಪೂರಕ ಕೋನದ ಈ ಉಪಕಾರದ ಮೇಲೆ ನಡೆಯಿತು.

ಯೂರೋಪಿನಲ್ಲೂ ಹೆಸರು ಹುಟ್ಟಿದ ಬಗೆ ಇದೇ. ಜ್ಯಾ ಎಂಬ ಪದ ಅರಬ್ಬಿಯ ಮೂಲಕ ಸಾಗಿ, ನಡುವೆ ಬೇರೆ ಪದವಾಗಿ ಓದಿಸಿಕೊಂಡು, ಲ್ಯಾಟಿನ್ನಿನಲ್ಲಿ ಸೈನಸ್ ಆಯಿತು. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ 'ಪೂರಕದ ಸೈನಸ್' ಎಂಬುದನ್ನು ಮೊಟಕು ಮಾಡಿ ಕೋ-ಸೈನಸ್ ಎಂದು ಬರೆದ. ಹತ್ತನೆಯ ತರಗತಿಯ ಮಕ್ಕಳೆ, ಕೊಸೈನ್ ಎಂದಾಗಲೆಲ್ಲ ಮೊದಲಿಗೆ ಬರುವ ಆ 'ಕೊ' ಪೂರಕ ಕೋನವನ್ನೇ ಕೂಗಿ ಕರೆಯುತ್ತಿದೆ. ಸೈನ್ 18° ಮತ್ತು ಕೊಸೈನ್ 72° ಯಾಕೆ ಸಮ ಎಂಬುದನ್ನು ನೀವು ಕಂಠಪಾಠ ಮಾಡಬೇಕಿಲ್ಲ. ಒಂದೇ ಲಂಬಕೋನ ತ್ರಿಭುಜದ ಎರಡು ಮೂಲೆಗಳಲ್ಲಿ ಕುಳಿತು ಒಂದೇ ಬಾಹುವನ್ನು ನೋಡಿದರೆ, ಒಬ್ಬರಿಗೆ ಅದು ಎದುರಿನ ಬಾಹು, ಇನ್ನೊಬ್ಬರಿಗೆ ಪಕ್ಕದ ಬಾಹು.

6. ಮೇಸ್ತ್ರಿಯ ದಾರ, ಭಾಸ್ಕರನ ಚೌಕ

ಕೊನೆಯದಾಗಿ, ಪೂರಕ ಕೋನಗಳು ಲಂಬಕೋನವನ್ನು ಒಡೆಯುವುದಷ್ಟೇ ಅಲ್ಲ, ಕಟ್ಟಲೂ ಬಲ್ಲವು ಎಂಬುದಕ್ಕೆ ಒಂದು ಉದಾಹರಣೆ.

ಪಾಯ ಗುರುತು ಹಾಕುವ ಗಾರೆ ಮೇಸ್ತ್ರಿ ಮೂಲೆ ಹಿಡಿಯುವುದನ್ನು ನೀವು ನೋಡಿರಬೇಕು. ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಗುರುತು ಮಾಡಿ, ಆ ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವ ತನಕ ದಾರ ಸರಿಸುತ್ತಾನೆ. ಬಂದರೆ ಮೂಲೆ ಲಂಬ. ಆ ತ್ರಿಭುಜದ ಉಳಿದ ಎರಡು ಕೋನಗಳು ಸುಮಾರು 36° 52′ ಮತ್ತು 53° 8′. ಕೂಡಿ ನೋಡಿ.

1150ರಲ್ಲಿ ಭಾಸ್ಕರಾಚಾರ್ಯ ತನ್ನ ಬೀಜಗಣಿತದಲ್ಲಿ ಒಂದು ಪ್ರಶ್ನೆ ಇಟ್ಟಿದ್ದಾನೆ. ಒಂದು ಲಂಬಕೋನ ತ್ರಿಭುಜದ ಬಾಹುಗಳನ್ನು ತಿಥಿ ಮತ್ತು ನಖ ಎಂಬ ಸಂಕೇತಗಳಲ್ಲಿ ಹೇಳುತ್ತಾನೆ: ಪಕ್ಷದ ತಿಥಿಗಳು 15, ಕೈಕಾಲಿನ ಉಗುರುಗಳು 20. ವಿಕರ್ಣ ಎಷ್ಟು ಎಂದು ಕೇಳಿ ಅವನು ನಿಲ್ಲಿಸುವುದಿಲ್ಲ. ರೂಢಿಯಲ್ಲಿರುವ ಈ ಲೆಕ್ಕಕ್ಕೆ ಉಪಪತ್ತಿಯನ್ನೂ ಹೇಳು ಎನ್ನುತ್ತಾನೆ. ಮಾಡುವುದು ಹೇಗೆ ಎಂಬುದು ಎಲ್ಲರಿಗೂ ಗೊತ್ತು, ಯಾಕೆ ಎಂದು ಹೇಳು ಎಂಬುದೇ ಅವನ ಒತ್ತಾಯ.

ಅವನ ಚಿತ್ರ ಹೀಗಿದೆ. ಅದೇ ತ್ರಿಭುಜದ ನಾಲ್ಕು ಪ್ರತಿಗಳನ್ನು, ನಾಲ್ಕು ವಿಕರ್ಣಗಳು ಹೊರಗಿನ ಬದಿಗಳಾಗುವಂತೆ ಸುತ್ತ ಜೋಡಿಸಬೇಕು. ಹೊರಗೆ ಒಂದು ದೊಡ್ಡ ಚೌಕ, ನಡುವೆ ಒಂದು ಪುಟ್ಟ ಚೌಕದ ಕಿಂಡಿ. ಹೊರಗಿನದು ನಿಜವಾಗಿ ಚೌಕವೇ ಎಂದು ಹೇಗೆ ಗೊತ್ತು? ಅದರ ಪ್ರತಿ ಮೂಲೆಯಲ್ಲಿ ಒಂದು ತ್ರಿಭುಜದ ಚಿಕ್ಕ ಕೋನವೂ ಪಕ್ಕದ ತ್ರಿಭುಜದ ದೊಡ್ಡ ಕೋನವೂ ಸೇರಿ ಕುಳಿತಿವೆ. ಅವು ಪೂರಕ ಕೋನಗಳು. ಆದ್ದರಿಂದ ಮೂಲೆ ಲಂಬ. ಉಳಿದದ್ದು ಬರೀ ಕೂಡುವ ಲೆಕ್ಕ. ಒಂದೊಂದು ತ್ರಿಭುಜದ ವಿಸ್ತೀರ್ಣ 150, ನಾಲ್ಕು ಸೇರಿ 600. ನಡುವಿನ ಕಿಂಡಿಯ ಬದಿ 20ರಲ್ಲಿ 15 ಕಳೆದು 5, ವಿಸ್ತೀರ್ಣ 25. ಒಟ್ಟು 625. ವಿಕರ್ಣ 25.

ಈ 15, 20, 25 ಮೇಸ್ತ್ರಿಯ 3, 4, 5ರ ಐದರಷ್ಟು. ಪಾಯದ ಮೂಲೆಯಲ್ಲಿದ್ದ ಅವೇ 36° 52′, 53° 8′ ಭಾಸ್ಕರನ ಚೌಕದ ಮೂಲೆಗಳಲ್ಲೂ ಕುಳಿತಿವೆ. ಅವೆರಡು ಸೇರಿ ಲಂಬವಾಗದಿದ್ದರೆ ಪೈಥಾಗೊರಸ್ ಪ್ರಮೇಯದ ಈ ಉಪಪತ್ತಿಯೇ ನಿಲ್ಲುತ್ತಿರಲಿಲ್ಲ. ಇಂಥ ಕ್ಷೇತ್ರಗಣಿತವನ್ನು 12ನೇ ಶತಮಾನದಲ್ಲಿಯೇ ರಾಜಾದಿತ್ಯ ಕನ್ನಡದಲ್ಲಿ ಬರೆದ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಈ ಭಾಷೆಗೆ ಕೋನ, ಬಾಹು, ಕರ್ಣಗಳು ನಿನ್ನೆ ಮೊನ್ನೆ ಬಂದವಲ್ಲ.

7. ಅಧ್ಯಾಪಕರಲ್ಲಿ ಒಂದು ಬಿನ್ನಹ

ಅಧ್ಯಾಪಕ ಬಂಧುಗಳೆ, ಈ ಪಾಠಕ್ಕೆ ಸಿಗುವುದು ಎರಡು ಮೂರು ಅವಧಿಗಳು ಎಂದು ಬಲ್ಲೆ. ಅದರಲ್ಲಿ ಮೊದಲ ಅವಧಿಯನ್ನು ಕಳೆಯುವ ಲೆಕ್ಕಕ್ಕೆ ಕೊಡಬೇಡಿ. ಮಕ್ಕಳನ್ನು ಕೊಠಡಿಯಿಂದ ಹೊರಗೆ ಕರೆದುಕೊಂಡು ಹೋಗಿ. ಏಣಿ, ಮಾಡು, ಧ್ವಜಸ್ತಂಭ, ಅದರ ನೆರಳು, ಒರಗಿಸಿಟ್ಟ ಸೈಕಲ್ಲು, ಅರ್ಧ ತೆರೆದ ಕಿಟಕಿ ತೋರಿಸಿ, ಲಂಬಕೋನ ಎಲ್ಲಿದೆ ಎಂದು ಕೇಳಿ. ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ, ಇನ್ನು ಕೆಲವು ಕಡೆ ನಾವೇ ಒಂದು ಗೆರೆ ಎಳೆದು ತರಬೇಕಾಗುತ್ತದೆ. ಇಲ್ಲ ಎಂದು ಹೇಳುವುದೂ ಸರಿಯುತ್ತರವೇ ಎಂದು ಮಗುವಿಗೆ ತಿಳಿಯಲಿ. ಲಂಬಕೋನ ಕಂಡ ಮಗುವಿಗೆ 90ರಿಂದ ಕಳೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಆ ಹುಡುಗಿಯ −30°ಗೆ ಬರುತ್ತೇನೆ. ಪಿಯುಸಿಯ ತ್ರಿಕೋನಮಿತಿಯಲ್ಲಿ ಕೋನಗಳು ಲಂಬಕೋನ ತ್ರಿಭುಜದ ಗಡಿ ದಾಟಿ ವೃತ್ತದ ಮೇಲೆ ಸುತ್ತತೊಡಗುತ್ತವೆ. ಅಲ್ಲಿ ವಿಶಾಲಕೋನಕ್ಕೂ ಕೊಸೈನ್ ಇದೆ, ಋಣ ಕೋನಕ್ಕೂ ಸೈನ್ ಇದೆ. ಕೊಸೈನ್ 120° ಎಷ್ಟು? 90ರಿಂದ 120 ಕಳೆದು, ಬಂದ −30°ಯ ಸೈನ್ ನೋಡಿ: −½. ಕೊಸೈನ್ 120° ಕೂಡ −½. ನಾನು ಕೆಂಪು ಗೆರೆ ಎಳೆದ ಆ ಸಂಖ್ಯೆ ನಾಲ್ಕು ತರಗತಿಗಳಾಚೆ ಸರಿಯಾದ ಜಾಗದಲ್ಲಿ ಕುಳಿತಿತ್ತು. ಏಳನೆಯ ತರಗತಿಯ ಪಾತ್ರೆಯಲ್ಲಿ 120° ಹಿಡಿಸುವುದಿಲ್ಲ ಎಂಬುದು ನಿಜ. ಅವಳಿಗೆ ಅದನ್ನು ಕಾಗದ ಮಡಿಸಿ ತೋರಿಸಬೇಕಿತ್ತು. ಅದರ ಜೊತೆಗೆ, "ನಿನ್ನ ಉತ್ತರ ಅಳಿಸಬೇಡ, ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೋ, ಮುಂದೆ ಬೇಕಾಗುತ್ತದೆ" ಎಂದೂ ಹೇಳಬೇಕಿತ್ತು. ಆ ಎರಡು ಮಾತು ಅಂದು ನನ್ನ ಬಾಯಲ್ಲಿ ಬರಲಿಲ್ಲ. ಇಂದು ಈ ಸಭೆಯಲ್ಲಿ ಕುಳಿತಿರುವ ಅಧ್ಯಾಪಕರು ನಾಳೆ ತಮ್ಮ ತರಗತಿಯಲ್ಲಿ ಅವನ್ನು ಹೇಳಿದರೆ ಈ ದತ್ತಿ ಇಟ್ಟವರ ಆಸೆ ಈಡೇರಿದಂತೆ.